ಪಾಚಿಯ ಸಾರ ಮತ್ತು ಜೊಳ್ಳಿನ ಲೆಕ್ಕ

2025ರ ಮುಂಗಾರಿನಲ್ಲಿ ಕಾರಟಗಿ ಸಮೀಪದ ಹಳ್ಳಿಯೊಂದರಲ್ಲಿ ಭತ್ತ ಬೆಳೆಯುವ ನನ್ನ ಹಳೆಯ ಸಹಪಾಠಿಯ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಯೂರಿಯಾ ಚೀಲಗಳ ಪಕ್ಕದಲ್ಲೇ ನಾಲ್ಕು ಹಸಿರು ಬಾಟಲಿಗಳಿದ್ದವು. ಸಮುದ್ರಪಾಚಿಯ ಸಾರವಂತೆ. ಹೂ ನಿಲ್ಲುತ್ತದೆ, ಕಾಳು ಗಟ್ಟಿಯಾಗಿ ತುಂಬುತ್ತದೆ ಎಂಬ ಭರವಸೆ ಅದರ ಚೀಟಿಯ ಮೇಲಿತ್ತು. ‘ಇದನ್ನ ನಾ ಕೇಳಿ ತಂದಿದ್ದಲ್ಲ. ಇದನ್ನ ತಗೊಂಡ್ರ ಮಾತ್ರ ಯೂರಿಯಾ ಅಂದ್ರು. ನೀ ಸರ್ಕಾರದಾಗ ಇದ್ದಾಂವ, ಹೊಡದ್ರ ಉಪಯೋಗ ಐತೇನು ಹೇಳು’ ಎಂದ. ಮೂರು ದಶಕ ಕಡತಗಳ ನಡುವೆ ಕಳೆದ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಊರಿಗೆ ಮರಳಿದ ಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪಾಚಿಯ ಸಾರವನ್ನು ಬರೀ ಬಣ್ಣದ ನೀರೆಂದು ತಳ್ಳಿಹಾಕುವಂತಿಲ್ಲ. ಭತ್ತದ ಹೂ ಮುಂಜಾನೆ ಕಳೆದ ಮೇಲೆ ಒಂದೆರಡು ಗಂಟೆ ಮಾತ್ರ ಅರಳಿರುತ್ತದೆ. ಆ ಹೊತ್ತಿನಲ್ಲಿ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರಾಗ ಕೆಡುತ್ತದೆ, ತೆನೆಯಲ್ಲಿ ಜೊಳ್ಳು ಹೆಚ್ಚುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಬೇಸಿಗೆ ಬೆಳೆ ಹೂಬಿಡುವುದು ಬಿಸಿಲು ಏರುವ ಕಾಲದಲ್ಲೇ. ಗರ್ಭಕಟ್ಟಿದ ಮೊದಲ ಕೆಲವು ದಿನಗಳಲ್ಲಿ ಕಾಳಿನೊಳಗೆ ಎಷ್ಟು ಜೀವಕೋಶಗಳು ಮೂಡುತ್ತವೆಯೋ ಅದರ ಮೇಲೆ ಕಾಳಿನ ಗಾತ್ರ ನಿಲ್ಲುತ್ತದೆ. ಅನಂತರದ ಮೂರು ನಾಲ್ಕು ವಾರ ಎಲೆ ಹಸಿರಾಗಿದ್ದು ಸಕ್ಕರೆಯನ್ನು ಕಾಳಿಗೆ ಸಾಗಿಸುತ್ತಿರಬೇಕು. ಪಾಚಿಯಲ್ಲಿರುವ ಸೈಟೋಕೈನಿನ್ ವರ್ಗದ ಸಸ್ಯ ಚೋದಕಗಳು, ಬೀಟೇನ್, ಪೊಟ್ಯಾಷ್ ಮೊದಲಾದವು ಎಲೆ ಬೇಗ ಹಣ್ಣಾಗದಂತೆ, ಗಿಡ ಬಿಸಿಲಿಗೆ ಬಳಲದಂತೆ ನೆರವಾಗಬಲ್ಲವು. ಹಾಗಾಗಿ ಸಿಂಪರಣೆಗೆ ತಕ್ಕ ಕಾಲವೆಂದರೆ ತೆನೆ ಇನ್ನೂ ಹೊಡೆಯೊಳಗಿರುವಾಗ ಒಮ್ಮೆ, ಹಾಲುಗಾಳಿನ ಹಂತದಲ್ಲಿ ಇನ್ನೊಮ್ಮೆ. ಹೂ ಅರಳಿರುವ ಹೊತ್ತಿನಲ್ಲಿ ಸಿಂಪಡಿಸುವುದು ತರವಲ್ಲ. ಇದು ಯೂರಿಯಾಕ್ಕೆ ಬದಲಿಯೂ ಅಲ್ಲ. ಇದರಲ್ಲಿರುವ ಸಾರಜನಕ ಲೆಕ್ಕಕ್ಕೆ ಬರುವಷ್ಟಿಲ್ಲ.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಗಟ್ಟಿ ಬುನಾದಿ ಹಾಕಿದ್ದು ಭಾವನಗರದ ಕೇಂದ್ರೀಯ ಲವಣ ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ. ಫಿಲಿಪ್ಪೀನ್ಸ್ ಮೂಲದ ಕಪ್ಪಾಫೈಕಸ್ ಎಂಬ ಪಾಚಿಯನ್ನು ತಮಿಳುನಾಡಿನ ಮಂಡಪಂ ಕರಾವಳಿಯಲ್ಲಿ ಬಿದಿರಿನ ತೆಪ್ಪಗಳ ಮೇಲೆ ಬೆಳೆಯಲಾಗುತ್ತದೆ. (ಅದೇ ಪಾಚಿ ಕುರುಸಡೈ ದ್ವೀಪದ ಹವಳಗಳ ಮೇಲೆ ಹಬ್ಬಿದ್ದು ಬೇರೆಯೇ ಕಥೆ.) ಹಸಿ ಪಾಚಿಯನ್ನು ಹಿಂಡಿದ ರಸವನ್ನು ಮಳೆಯಾಶ್ರಿತ ಸೋಯಾಬೀನ್ ಮೇಲೆ ಸಿಂಪಡಿಸಿ ನಡೆಸಿದ ಪ್ರಯೋಗದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಇಳುವರಿ ಶೇ 57ರಷ್ಟು ಏರಿತ್ತು. ಇಂಥ ಅಂಕಿಗಳು ಕಣ್ಣು ಕುಕ್ಕುತ್ತವೆ. ಆದರೆ ಅಲ್ಲಿ ಬಳಸಿದ್ದು ಶೇ 15ರ ಪ್ರಮಾಣದ ರಸ. ಎಕರೆಗೆ 200 ಲೀಟರ್ ದ್ರಾವಣ ಬೇಕೆಂದರೆ 30 ಲೀಟರ್ ಹಸಿ ರಸವಾಯಿತು. ನನ್ನ ಗೆಳೆಯನ ಬಾಟಲಿಯ ಚೀಟಿಯಲ್ಲಿದ್ದುದು ಲೀಟರಿಗೆ ಎರಡೂವರೆ ಮಿಲಿ, ಅಂದರೆ ಎಕರೆಗೆ ಅರ್ಧ ಲೀಟರ್. ಅದು ಇಂಗಿಸಿ ಗಟ್ಟಿಮಾಡಿದ ಸಾರ ಎಂಬುದು ಸರಿ. ಎಷ್ಟು ರಸವನ್ನು ಇಂಗಿಸಿದ್ದು? ಚೀಟಿಯಲ್ಲಿ ಆ ಮಾತೇ ಇರಲಿಲ್ಲ.

ಇನ್ನು ರೈತನ ಲೆಕ್ಕ. ಬಾಟಲಿಗೂ ಕೂಲಿಗೂ ಸೇರಿ ಎಕರೆಗೆ ಸಾವಿರ ರೂಪಾಯಿ ಖರ್ಚಾಯಿತೆನ್ನೋಣ. 2025–26ರ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಹಾಕಿದ ಹಣ ಮರಳಲು ಸುಮಾರು 42 ಕಿಲೋ ಹೆಚ್ಚು ಭತ್ತ ಬರಬೇಕು. ಎಕರೆಗೆ 25 ಕ್ವಿಂಟಲ್ ಬೆಳೆಯುವ ಗದ್ದೆಯಲ್ಲಿ ಇದು ಶೇ ಎರಡಕ್ಕೂ ಕಡಿಮೆ. ಒಂದೇ ಗದ್ದೆಯ ಮೇಲಿನ ಮಡಿಗೂ ಕೆಳಗಿನ ಮಡಿಗೂ ಇದಕ್ಕಿಂತ ಹೆಚ್ಚಿನ ವ್ಯತ್ಯಾಸವಿರುತ್ತದೆ. ಲಾಭವಾದರೂ ಅವನ ಕಣ್ಣಿಗೆ ಕಾಣದು, ನಷ್ಟವಾದರೂ ಕಾಣದು. ಕೆಟ್ಟ ಸರಕನ್ನು ಮಾರುಕಟ್ಟೆ ತಾನೇ ಹೊರಹಾಕುತ್ತದೆ ಎಂದು ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಕಲಿತದ್ದು ಇಲ್ಲಿ ನಡೆಯುವುದಿಲ್ಲ. ಕೊಳ್ಳುವವನಿಗೆ ಅಳೆಯಲಾಗದ್ದನ್ನು ಅವನ ಪರವಾಗಿ ಸರ್ಕಾರ ಅಳೆಯಬೇಕು.

ಸರ್ಕಾರ ಕೈಕಟ್ಟಿ ಕುಳಿತಿಲ್ಲ, ನಿಜ. ರಸಗೊಬ್ಬರ ನಿಯಂತ್ರಣ ಆದೇಶಕ್ಕೆ 2021ರ ಫೆಬ್ರುವರಿಯಲ್ಲಿ ತಿದ್ದುಪಡಿ ತಂದು ಜೈವಿಕ ಪ್ರಚೋದಕಗಳನ್ನು ಕಾನೂನಿನ ವ್ಯಾಪ್ತಿಗೆ ಸೇರಿಸಲಾಯಿತು. ತಾತ್ಕಾಲಿಕ ಪ್ರಮಾಣಪತ್ರಗಳ ಗಡುವನ್ನು ಮತ್ತೆ ಮತ್ತೆ ವಿಸ್ತರಿಸಿ ಕೊನೆಗೆ 2025ರ ಜೂನ್ 16ಕ್ಕೆ ಮುಗಿಸಲಾಯಿತು. ಹಿಂದೆ ಸುಮಾರು 30 ಸಾವಿರ ಉತ್ಪನ್ನಗಳು ಯಾವ ಪರಿಶೀಲನೆಯೂ ಇಲ್ಲದೆ ಮಾರಾಟವಾಗುತ್ತಿದ್ದವು, ಈಗ ಉಳಿದಿರುವುದು 650ರ ಆಸುಪಾಸು ಎಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಅದೇ ಜುಲೈನಲ್ಲಿ ಹೇಳಿದರು. ಸಬ್ಸಿಡಿ ಗೊಬ್ಬರದ ಜೊತೆ ಇವನ್ನು ಬಲವಂತವಾಗಿ ಅಂಟಿಸುವುದನ್ನು ತಡೆಯುವಂತೆ ಮುಖ್ಯಮಂತ್ರಿಗಳಿಗೂ ಬರೆದರು. ಆದರೆ 266 ರೂಪಾಯಿ 50 ಪೈಸೆಯ ಯೂರಿಯಾ ಚೀಲಕ್ಕಾಗಿ ಜನ ಸಾಲು ನಿಂತಿರುವಾಗ ಅಂಗಡಿಯವನು ಹೇಳಿದ್ದೇ ಕಾನೂನು. ರಸೀದಿ ಕೇಳುವ ಧೈರ್ಯ ಯಾರಿಗಿರುತ್ತದೆ?

ಹೊಸ ನಿಯಮದಲ್ಲೂ ನನಗೊಂದು ಕೊರತೆ ಕಾಣುತ್ತದೆ. ನೋಂದಣಿಗೆ ಬೇಕಾದ ಕ್ಷೇತ್ರ ಪ್ರಯೋಗ ಮೂರು ಕೃಷಿ ಹವಾಮಾನ ಪ್ರದೇಶಗಳಲ್ಲಿ, ಆದರೆ ಒಂದೇ ಹಂಗಾಮಿನಲ್ಲಿ. ಪಾಚಿಯ ಸಾರಕ್ಕೆ ಏನಾದರೂ ಬೆಲೆಯಿದ್ದರೆ ಅದು ಬಿಸಿಲು ಮಿತಿಮೀರಿದ ವರ್ಷದಲ್ಲಿ, ನೀರು ತಡವಾದ ವರ್ಷದಲ್ಲಿ. ಹದವಾದ ಹಂಗಾಮಿನಲ್ಲಿ ಸೋತ ಸರಕು ಕೆಟ್ಟ ಹಂಗಾಮಿನಲ್ಲಿ ಗೆಲ್ಲಬಹುದು. ಒಂದು ಹಂಗಾಮಿನ ಗೆಲುವು ಮರುವರ್ಷ ಉಳಿಯದೆಯೂ ಹೋಗಬಹುದು.

ಗೆಳೆಯನಿಗೆ ಮತ್ತೆ ದೂರವಾಣಿ ಮಾಡಿ, ಬೇಸಿಗೆ ಬೆಳೆಯಲ್ಲಿ ಎರಡು ಮಡಿಗಳನ್ನು ಸಿಂಪಡಿಸದೆ ಬಿಟ್ಟು ಬೇರೆಯಾಗಿ ತೂಕ ಹಾಕು ಎಂದೆ. ‘ಮಡಿ ಬಿಡ್ತೀನಪ್ಪ, ಆದ್ರ ಕಟಾವು ಮಷಿನ್ ಎಲ್ಲಾ ಒಂದಾ ಕಡೆ ಸುರೀತದ, ತೂಕ ಮಾಡೋರು ಯಾರು’ ಎಂದು ನಕ್ಕ. ಆ ತೂಕವನ್ನು ರಾಯಚೂರು ಕೃಷಿ ವಿಶ್ವವಿದ್ಯಾಲಯ ಮಾಡಬಹುದು. ಗಂಗಾವತಿಯಲ್ಲಿ ಅದರ ಸಂಶೋಧನಾ ಕೇಂದ್ರವೇ ಇದೆ. ಮಾರಾಟದಲ್ಲಿರುವ ಬಾಟಲಿಗಳನ್ನು ಅಂಗಡಿಯಿಂದಲೇ ಕೊಂಡು ತಂದು, ಮೂರು ಬೇಸಿಗೆ ಸತತವಾಗಿ ಪ್ರಯೋಗ ನಡೆಸಿ, ಎಕರೆಗೆ ಎಷ್ಟು ಕಿಲೋ ಹೆಚ್ಚಾಯಿತು, ಜೊಳ್ಳು ಎಷ್ಟು ಇಳಿಯಿತು ಎಂಬುದನ್ನು ಹೆಸರು ಸಹಿತ ಪ್ರಕಟಿಸಲಿ. ಖರ್ಚನ್ನು ತಯಾರಕರಿಂದ ನೋಂದಣಿ ಶುಲ್ಕದ ಜೊತೆಗೇ ವಸೂಲು ಮಾಡಲಿ. ಗೊಬ್ಬರದ ಅಂಗಡಿಯ ದರಪಟ್ಟಿಯ ಪಕ್ಕದಲ್ಲಿ ಆ ಪಟ್ಟಿಯನ್ನೂ ತೂಗುಹಾಕಲು ಬೇಕಾದದ್ದು ಒಂದು ಸುತ್ತೋಲೆ ಮಾತ್ರ.