ಸ್ವಾಮಿ ಯಾರು, ಮಂಕುತಿಮ್ಮ ಯಾರು?

ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ 1980ರ ದಶಕದ ಉತ್ತರಾರ್ಧದಲ್ಲಿ ದೂರದರ್ಶನದಲ್ಲಿ ಪ್ರಸಾರವಾದಂದಿನಿಂದ ಪ್ರೇಕ್ಷಕರನ್ನು ಎರಡು ಪ್ರಶ್ನೆಗಳು ಬಿಟ್ಟಿಲ್ಲ. ಮಾಲ್ಗುಡಿ ಎಲ್ಲಿದೆ? ಮಾಸ್ಟರ್ ಮಂಜುನಾಥ್ ಅಭಿನಯಿಸಿದ ಸ್ವಾಮಿ ನಿಜವಾಗಿ ಯಾರು? ಮಲ್ಲೇಶ್ವರ, ಬಸವನಗುಡಿಗಳ ಹೆಸರು ಬೆಸೆದು ಮಾಲ್ಗುಡಿಯಾಯಿತೆಂಬುದು ಮೊದಲನೆಯದಕ್ಕೆ ಪ್ರಚಲಿತವಾದ ಉತ್ತರ. ಸ್ವಾಮಿಯೆಂದರೆ ಬಾಲಕ ಆರ್.ಕೆ. ನಾರಾಯಣರೇ ಎಂಬುದು ಎರಡನೆಯದಕ್ಕೆ. ಇಂಥ ಊಹೆಗಳನ್ನು ಸಂಶೋಧನೆ ಹೇಗೆ ಬಳಸಿಕೊಳ್ಳಬೇಕೆಂಬುದು ಕೋಲಾರ ಜಿಲ್ಲೆಯ ಸಾಹಿತ್ಯಾಧ್ಯಯನಕ್ಕೂ ಸಂಬಂಧಿಸಿದ ಪ್ರಶ್ನೆಯಾಗಿದೆ.

ನಾರಾಯಣರ ಬಾಲ್ಯದ ಬಹುಭಾಗ ಕಳೆದದ್ದು ಮದರಾಸಿನ ಪುರಸವಾಕ್ಕಂನಲ್ಲಿ, ಅಜ್ಜಿಯ ಆಶ್ರಯದಲ್ಲಿ. ಅಲ್ಲಿ ಅವರು ಓದಿದ ಲೂಥರನ್ ಮಿಷನ್ ಶಾಲೆಯ ನೆರಳು ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935) ಕಾದಂಬರಿಯ ಆಲ್ಬರ್ಟ್ ಮಿಷನ್ ಶಾಲೆಯ ಮೇಲೆ ಬಿದ್ದಿರಬಹುದು. ಆದರೆ ಕಾದಂಬರಿಯ ಸ್ವಾಮಿ ತಂದೆತಾಯಿಯರ ಮನೆಯಲ್ಲಿ ಬೆಳೆಯುವ ಹುಡುಗ. ಎಂದರೆ, ನೆನಪು ಕತೆಯಾಗುವ ಹಂತದಲ್ಲಿಯೇ ರೂಪಾಂತರ ಪಡೆದಿದೆ. ಧಾರಾವಾಹಿಯಾದರೋ ಅದನ್ನು ಆಗುಂಬೆಯ ಮಳೆ, ಮನೆ, ಬೀದಿಗಳಿಗೆ ಒಯ್ದಿತು. ಚಿತ್ರೀಕರಣಕ್ಕೆ ಬಳಕೆಯಾದ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದಲ್ಲಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವೂ ರೂಪುಗೊಂಡಿತು. ಲೇಖಕರು ಕಲ್ಪಿತವೆಂದು ಹೇಳಿದ ಊರಿಗೆ ಪ್ರೇಕ್ಷಕರು ವಿಳಾಸವನ್ನು ಒದಗಿಸಿದರು. ಇದು ಕೃತಿಯ ಮೂಲವಲ್ಲ, ಕೃತಿಯ ಫಲ.

ಇದೇ ವಿವೇಕ ಕೋಲಾರದ ಇಬ್ಬರು ಹಿರಿಯರ ವಿಷಯದಲ್ಲಿಯೂ ಅಗತ್ಯ. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ (1943) ಓದಿದವರಿಗೆ ಮಂಕುತಿಮ್ಮ ಯಾರೆಂಬ ಕುತೂಹಲ ಸಹಜ. ಊರಿನ ಯಾವನೋ ಒಬ್ಬನನ್ನು ಅವನೆಂದು ಗುರುತಿಸಿದರೆ ‘ಮರುಳ ಮುನಿಯ’ನಿಗೆ ಮತ್ತೊಬ್ಬನನ್ನು ಹುಡುಕಬೇಕಾಗುತ್ತದೆ. ತಿಳಿದವನು ತನ್ನನ್ನು ಮಂಕನೆಂದೂ ಮರುಳನೆಂದೂ ಕರೆದುಕೊಂಡು ಮಾತಾಡುವ ವಿನಯದ ವ್ಯಂಗ್ಯ ಆ ಹುಡುಕಾಟದಲ್ಲಿ ಕಣ್ಮರೆಯಾಗುತ್ತದೆ. ಮಾಲೂರು ತಾಲ್ಲೂಕಿನ ಮಾಸ್ತಿಯವರು ‘ಶ್ರೀನಿವಾಸ’ರೆಂಬ ಹೆಸರಿನಲ್ಲಿ ಬರೆದರು, ‘ರಂಗನ ಮದುವೆ’ಯನ್ನು ಹೇಳುವವನು ಶ್ಯಾಮ. ಲೇಖಕ ಒಬ್ಬ, ಅಂಕಿತನಾಮ ಮತ್ತೊಂದು, ನಿರೂಪಕ ಮೂರನೆಯವನು. ಈ ಮೂವರನ್ನೂ ಒಂದಾಗಿಸಿದರೆ ಕಥನಕಲೆಯ ಚರ್ಚೆಗೆ ಎಡೆಯೇ ಉಳಿಯದು. ಬರಿಯ ನಾಮಸಾಮ್ಯವನ್ನು ನೆಚ್ಚಿ ಹೊರಟರೆ ‘ಶ್ರೀನಿವಾಸ’ರನ್ನು ನೆರೆಯ ಶ್ರೀನಿವಾಸಪುರಕ್ಕೆ ಗಂಟುಹಾಕುವುದೂ ಕಷ್ಟವಲ್ಲ, ಮಾಲ್ಗುಡಿಯ ವ್ಯುತ್ಪತ್ತಿ ನಿಂತಿರುವುದು ಅಂಥದೇ ತಳಹದಿಯ ಮೇಲೆ.

ಹಾಗೆಂದು ಜನರ ಊಹೆಗಳನ್ನು ತಳ್ಳಿಹಾಕುವುದು ಪಾಂಡಿತ್ಯದ ಅಹಂಕಾರವಾದೀತು. ಒಂದು ಪಾತ್ರವನ್ನು ‘ಇವನು ನಮ್ಮೂರಿನವನು’ ಎಂದು ಓದುಗರು ಹೇಳುವಾಗ ಕೃತಿ ಅವರ ಬದುಕಿನೊಳಗೆ ಬಂದಿದೆಯೆಂದೇ ಅರ್ಥ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಕ್ಷೇತ್ರಕಾರ್ಯ ನಡೆಸುವವರು ಇಂಥ ಹೇಳಿಕೆಗಳನ್ನು ಯಾರು, ಯಾವಾಗ, ಯಾವ ಸಂದರ್ಭದಲ್ಲಿ ಹೇಳಿದರೆಂಬ ವಿವರದೊಡನೆ ದಾಖಲಿಸಬೇಕು. ಓದಿ ತಿಳಿದದ್ದೋ, ತೆರೆಯ ಮೇಲೆ ಕಂಡದ್ದೋ ಎಂಬುದನ್ನೂ ಕೇಳಬೇಕು. ಆದರೆ ಅವುಗಳ ಸ್ಥಾನ ಕೃತಿಯ ಸ್ವೀಕಾರದ ಚರಿತ್ರೆಯಲ್ಲಿದೆಯೇ ಹೊರತು ಲೇಖಕನ ಜೀವನಚರಿತ್ರೆಯಲ್ಲಲ್ಲ. ಒಂದು ಪ್ರೌಢಪ್ರಬಂಧದಲ್ಲಿ ಊಹೆ ಆಧಾರವೆಂಬಂತೆ ನಮೂದಾದರೆ ಮುಂದಿನ ಪ್ರಬಂಧ ಅದನ್ನೇ ಪ್ರಮಾಣವಾಗಿ ಉಲ್ಲೇಖಿಸುತ್ತದೆ. ಮೂರನೆಯದರ ವೇಳೆಗೆ ಅದು ಸಂಗತಿಯೇ ಆಗಿರುತ್ತದೆ. ಆ ಸರಪಳಿಯನ್ನು ಮೊದಲ ಕೊಂಡಿಯಲ್ಲಿಯೇ ತಡೆಯುವುದು ಮಾರ್ಗದರ್ಶಕರ ಹೊಣೆ.