ಮೊಸರಲ್ಲಿ ಕಲ್ಲು ಹುಡುಕುವವರ ಪರವಾಗಿ

"ಅಯ್ಯೋ, ಅದು ಬರೀ ಟೀವಿ ಸೀರಿಯಲ್ಲು ಮಾರಾಯಾ, ಅದ್ರಲ್ಲೂ ತಪ್ಪು ಹುಡುಕ್ತಾ ಕೂರ್ತೀಯಲ್ಲ!" ಈ ಮಾತು ಕೇಳಿ ಕೇಳಿ ಸಾಕಾಗಿದೆ. ಗಮನವಿಟ್ಟು ನೋಡುವವನು ಕೆಲಸವಿಲ್ಲದವನು, ಬಾಯಿ ಬಿಟ್ಕೊಂಡು ನೋಡುವವನು ರಸಿಕ! ಇದ್ಯಾವ ನ್ಯಾಯ ಸ್ವಾಮಿ?

ನನ್ನ ಕಡೆಯಿಂದ ಒಬ್ಬ ಸಾಕ್ಷಿ ಇದ್ದಾನೆ. ಹೆಸರು ಫಿಲ್ ಫರಾಂಡ್, ಅಮೆರಿಕದವನು. ಸಂಗೀತಗಾರ, ಜೊತೆಗೆ ಪ್ರೋಗ್ರಾಮರ್. 1988ರಲ್ಲಿ ಕೋಡಾ ಮ್ಯೂಸಿಕ್ ಸಾಫ್ಟ್‌ವೇರ್ ಹೊರತಂದ 'ಫಿನಾಲೆ' ತಂತ್ರಾಂಶವನ್ನು ಬರೆದವನು ಈತನೇ. ಪಾಶ್ಚಾತ್ಯ ಸಂಗೀತದ ಸ್ವರಲಿಪಿಯನ್ನು ಕಂಪ್ಯೂಟರಿನಲ್ಲಿ ಬರೆದು ಅಚ್ಚು ಹಾಕುವುದಕ್ಕೆ ಇರುವ ತಂತ್ರಾಂಶ ಅದು. ಆ ಲಿಪಿಯಲ್ಲಿ ಒಂದು ಗುರುತು ಚೂರು ಮೇಲೆ ಹೋದರೆ ಸ್ವರವೇ ಬೇರೆ, ಪಕ್ಕದಲ್ಲಿ ಒಂದು ಚುಕ್ಕೆ ಇಟ್ಟರೆ ಸ್ವರದ ಅವಧಿ ಒಂದೂವರೆ ಪಟ್ಟು! "ಒಂದು ಚುಕ್ಕೆ ತಾನೇ, ಬಿಡಿ" ಅನ್ನುವವರಿಗೆ ಅಲ್ಲಿ ಜಾಗವಿಲ್ಲ.

ಅದೇ ಮನುಷ್ಯ 1993ರಲ್ಲಿ 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್' ಧಾರಾವಾಹಿಯನ್ನು ಕಂತು ಕಂತಾಗಿ ಜಾಲಾಡಿ 'ದಿ ನಿಟ್‌ಪಿಕರ್ಸ್ ಗೈಡ್' ಅಂತ ಒಂದು ಪುಸ್ತಕ ಬರೆದ. ಆಮೇಲೆ ಹಳೆಯ ಸ್ಟಾರ್ ಟ್ರೆಕ್, ಡೀಪ್ ಸ್ಪೇಸ್ ನೈನ್, ಎಕ್ಸ್-ಫೈಲ್ಸ್ ಎಲ್ಲದಕ್ಕೂ ಒಂದೊಂದು ಬಂತು. ಪ್ರತಿ ಕಂತಿನ ತಪ್ಪುಗಳನ್ನೂ ವಿಂಗಡಿಸಿದ್ದಾನೆ: ಕಥೆಯಲ್ಲಿನ ತೂತುಗಳು, ಹಿಂದೆ ಹೇಳಿದ್ದಕ್ಕೂ ಈಗ ಹೇಳುವುದಕ್ಕೂ ತಾಳೆಯಾಗದವು, ಯಂತ್ರಗಳ ವಿಚಿತ್ರ ವರ್ತನೆ, ಚಿತ್ರೀಕರಣದ ಎಡವಟ್ಟುಗಳು. ಥೇಟ್ ನಮ್ಮ ಆಫೀಸಿನ ಬಗ್ ಪಟ್ಟಿ! ಅದರ ಜೊತೆಗೇ ಒಳ್ಳೆಯ ಸಂಭಾಷಣೆ, ಒಳ್ಳೆಯ ದೃಶ್ಯಗಳಿಗೂ ಜಾಗ ಕೊಟ್ಟಿದ್ದಾನೆ. ಇದನ್ನು ಮರೆಯಬೇಡಿ.

ಇಂಥ ಹುಡುಕಾಟದಲ್ಲಿ ಏನು ಸಿಗುತ್ತೆ ಅಂತೀರಾ? 1992ರ 'ದಿ ನೆಕ್ಸ್ಟ್ ಫೇಸ್' ಕಂತು ತಗೊಳ್ಳಿ. ಯಂತ್ರವೊಂದರ ಎಡವಟ್ಟಿನಿಂದ ಇಬ್ಬರು ಯಾರಿಗೂ ಕಾಣದ ಹಾಗಾಗುತ್ತಾರೆ. ಗೋಡೆ, ಮೇಜು, ಮನುಷ್ಯರು ಎಲ್ಲದರ ಮೂಲಕವೂ ಹಾದು ಹೋಗುತ್ತಾರೆ. ಅದೇ ಸ್ಥಿತಿಯಲ್ಲಿರುವ ಶತ್ರುವೊಬ್ಬನನ್ನು ತಳ್ಳಿದರೆ ಹಡಗಿನ ಗೋಡೆ ದಾಟಿ ಬಾಹ್ಯಾಕಾಶಕ್ಕೇ ಬೀಳುತ್ತಾನೆ. ಸರಿ, ನೆಲದ ಮೇಲೆ ಹೇಗೆ ನಿಂತಿದ್ದಾರೆ? ನೆಲ ಗೋಡೆಗಿಂತ ದೊಡ್ಡ ಮನುಷ್ಯನೇ? :-)

ಈ ಪ್ರಶ್ನೆ ಕೇಳಿದರೆ ಕಥೆಯ ಮಜಾ ಹೋಗುತ್ತೆ ಅಂತ ಒಂದು ವಾದ. ನನಗಂತೂ ಇಮ್ಮಡಿಯಾಯಿತು. ಕಥೆಗಾರ ತನ್ನ ಲೋಕಕ್ಕೆ ತಾನೇ ಒಂದು ನಿಯಮ ಮಾಡಿದ. ಅದನ್ನು ಅವನಿಗಿಂತ ಗಂಭೀರವಾಗಿ ತೆಗೆದುಕೊಂಡವನು ನೋಡುಗ. ಇದಕ್ಕಿಂತ ದೊಡ್ಡ ಮರ್ಯಾದೆ ಕಥೆಗೆ ಇನ್ನೇನು ಬೇಕು?

'ನಿಟ್' ಅಂದರೆ ಸೀರು, ಹೇನಿನ ಮೊಟ್ಟೆ. ನಿಟ್‌ಪಿಕರ್ ಅಂದರೆ ಸೀರು ಹೆಕ್ಕುವವನು. ಯೋಚನೆ ಮಾಡಿ, ಸೀರು ಹೆಕ್ಕುವುದು ಯಾರು? ಅಮ್ಮ, ಅಜ್ಜಿ. ತೊಡೆಯ ಮೇಲೆ ತಲೆ ಇಟ್ಟುಕೊಂಡು, ಬಿಸಿಲಲ್ಲಿ ಕೂತು, ತಾಳ್ಮೆಯಿಂದ. ಬೀದಿಯಲ್ಲಿ ಹೋಗುವವರ ತಲೆಯನ್ನು ಯಾರಾದರೂ ಹೆಕ್ಕುತ್ತಾರಾ?

ಆದರೆ ಇಂದು ವಿಮರ್ಶೆ ಅಂದ್ರೆ ಎರಡೇ ಪದ: 'ಸೂಪರ್' ಇಲ್ಲಾ 'ಡಬ್ಬಾ'. ಒಂದು ಭಜನೆ, ಇನ್ನೊಂದು ಬೈಗುಳ. ಎರಡಕ್ಕೂ ಪೂರ್ತಿ ನೋಡುವ ಅಗತ್ಯವೇ ಇಲ್ಲ. ತಪ್ಪು ಎಲ್ಲಿ, ಎಷ್ಟನೇ ದೃಶ್ಯದಲ್ಲಿ, ಯಾಕೆ ತಪ್ಪು ಅಂತ ಹೇಳಲು ಮಾತ್ರ ನೋಡಲೇಬೇಕು. ನಗುತ್ತಾ ಹೇಳಲು ಇನ್ನೂ ಎರಡು ಸಲ ನೋಡಬೇಕು. ಬೈಯುವುದು ಸುಲಭದ ಕೆಲಸ. ಫರಾಂಡ್ ಅದನ್ನು ಮಾಡಲಿಲ್ಲ. ತಪ್ಪು ಕಳಿಸಿದ ಓದುಗರನ್ನೇ ಸೇರಿಸಿಕೊಂಡು 'ನಿಟ್‌ಪಿಕರ್ಸ್ ಗಿಲ್ಡ್' ಅಂತ ಒಂದು ಸಂಘವನ್ನೇ ಕಟ್ಟಿದ.

ಫಿನಾಲೆಯ ಅಭಿವೃದ್ಧಿಯನ್ನು ಮೇಕ್‌ಮ್ಯೂಸಿಕ್ ಕಂಪನಿ 2024ರ ಆಗಸ್ಟಿನಲ್ಲಿ ನಿಲ್ಲಿಸಿತು. 35 ವರ್ಷ ಬಾಳಿದ ತಂತ್ರಾಂಶ, ಹೋಗಲಿ ಬಿಡಿ, ನಮ್ಮ ಕಸುಬಿನಲ್ಲಿ ಅದು ದೀರ್ಘಾಯುಷ್ಯವೇ. ಆದರೆ ಅದನ್ನು ಬರೆದವನ ಆ ಕಣ್ಣಿದೆಯಲ್ಲ, ಅದಕ್ಕೆ ಲೈಸೆನ್ಸೂ ಬೇಡ, ಹೊಸ ಆವೃತ್ತಿಯೂ ಬೇಡ. ಮುಂದಿನ ಸಲ ಏನಾದರೂ ನೋಡಿ 'ಸೂಪರ್' ಅಂತ ಬರೆಯುವ ಮುಂಚೆ ಒಂದೇ ಒಂದು ಕಲ್ಲು ಹುಡುಕಿ. ಮೊಸರು ಇಷ್ಟವಿದ್ದವನಿಗೆ ತಾನೇ ಕಲ್ಲು ಹಲ್ಲಿಗೆ ಸಿಗೋದು?