ಟೀಮ್ ಹೋಯ್ತು, ಹಾಡು ಯಾರದ್ದು?

ಒಂದು ಟೀಮ್ ಊರು ಬಿಟ್ಟು ಹೋದರೆ ಜೊತೆಗೆ ಏನೇನು ಹೋಗುತ್ತೆ? ಆಟಗಾರರು ಹೋಗ್ತಾರೆ, ಜೆರ್ಸಿ ಹೋಗುತ್ತೆ, ಸರಿ. ಹಾಡು?

ಬೆಳಗ್ಗೆ ಆಫೀಸಿಗೆ ಹೊರಡೋ ಮೊದಲು ಮೊಬೈಲ್‌ನಲ್ಲಿ ಅಮೆರಿಕದ ಐಸ್ ಹಾಕಿ ನೋಡೋದು ನನ್ನ ಚಾಳಿ. 20 ನಿಮಿಷದ ಮೂರು ಪೀರಿಯಡ್, ರೆಫರಿ ಸೀಟಿ ಊದಿದಾಗೆಲ್ಲ ಗಡಿಯಾರ ನಿಲ್ಲುತ್ತೆ. ಆ ಖಾಲಿ ಸೆಕೆಂಡುಗಳೇ ಹಾಕಿ ಸಂಗೀತದ ತವರು. 1929ರಲ್ಲಿ ತೆರೆದ ಶಿಕಾಗೊ ಸ್ಟೇಡಿಯಂನಲ್ಲಿ ಒಂದು ದೈತ್ಯ ಪೈಪ್ ಆರ್ಗನ್ ಇತ್ತು. ಆರ್ಗನ್ ನುಡಿಸೋನು ಆಟ ನೋಡ್ತಾ, ಜನರ ಮೂಡ್ ನೋಡ್ತಾ ನುಡಿಸಬೇಕು. ಜನ ಚಪ್ಪಾಳೆ ತಟ್ಟಿದರೆ ಅವನೂ ವೇಗ ಹೆಚ್ಚಿಸಬಹುದು. ಅದೊಂದು ಮಾತುಕತೆ. ಈಗ? ಸೀಟಿ ಬಿದ್ದ ಮರುಕ್ಷಣ ಸ್ಪೀಕರ್ ಅಬ್ಬರಿಸುತ್ತೆ, ದೊಡ್ಡ ಪರದೆ ‘ಕೂಗಿ’ ಅನ್ನುತ್ತೆ, ನಾವು ಕೂಗ್ತೀವಿ. ಇದು ಮಾತುಕತೆ ಅಲ್ಲ ಸ್ವಾಮಿ, ಆರ್ಡರ್.

ಹಾರ್ಟ್‌ಫರ್ಡ್ ಕತೆ ಕೇಳಿ. ಕನೆಕ್ಟಿಕಟ್ ರಾಜ್ಯದ ಈ ಊರಲ್ಲಿ ವೇಲರ್ಸ್ ಅಂತ ಟೀಮ್ ಇತ್ತು. ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. ಆದರೆ ‘ಬ್ರಾಸ್ ಬೊನಾಂಜಾ’ ಅನ್ನೋ ತುತ್ತೂರಿ ಟ್ಯೂನ್ ಒಂದಿತ್ತು. ಹಾಕಿಗೆ ಅಂತ ಮಾಡಿದ್ದೂ ಅಲ್ಲ ಅದು. ಗೋಲು ಬಿದ್ದಾಗ ಕೇಳಿ ಕೇಳಿ ಊರಿನವರು ತಮ್ಮದು ಮಾಡ್ಕೊಂಡ್ರು. 1997ರಲ್ಲಿ ಮಾಲೀಕರು ಟೀಮನ್ನ ನಾರ್ತ್ ಕೆರೊಲಿನಾಗೆ ಎತ್ಕೊಂಡು ಹೋದರು, ಹೆಸರು ಹರಿಕೇನ್ಸ್ ಆಯ್ತು. ಹಾರ್ಟ್‌ಫರ್ಡಿಗೆ ಆ ದರ್ಜೆಯ ಟೀಮ್ ಮತ್ತೆ ಬರಲೇ ಇಲ್ಲ. 2018ರ ಡಿಸೆಂಬರ್‌ನಲ್ಲಿ ಹರಿಕೇನ್ಸ್ ಏನು ಮಾಡಿತು ಗೊತ್ತಾ? ಹಳೇ ವೇಲರ್ಸ್ ಜೆರ್ಸಿ ತೊಟ್ಟು ತನ್ನ ಊರಲ್ಲೇ ಆಡಿತು, ಅದೇ ಟ್ಯೂನನ್ನೂ ಹಾಕಿತು. ಮನೆ ಖಾಲಿ ಮಾಡಿಸಿದವರೇ ಆ ಮನೆಯ ತೊಟ್ಟಿಲನ್ನ ಶೋಕೇಸಿಗೆ ಇಟ್ಟ ಹಾಗೆ!

‘ಕಾಗದದ ಪ್ರಕಾರ ಎಲ್ಲ ಸರಿ ಇದೆ, ಹಕ್ಕು ಅವರದ್ದು’ ಅಂತೀರಿ. ಸರಿ, ಕೆನಡಾಗೆ ಬನ್ನಿ. ಡೊಲೊರೆಸ್ ಕ್ಲೇಮನ್ 1968ರಲ್ಲಿ ರಚಿಸಿದ ‘ಹಾಕಿ ಥೀಮ್’ ಸಿಬಿಸಿ ಚಾನೆಲ್‌ನ ಶನಿವಾರದ ಪಂದ್ಯಗಳ ಗುರುತು. ಜನ ಅದನ್ನ ಎರಡನೇ ರಾಷ್ಟ್ರಗೀತೆ ಅಂತಲೇ ಕರೀತಿದ್ರು. 2008ರಲ್ಲಿ ಒಪ್ಪಂದದ ಮಾತುಕತೆ ಮುರಿದುಬಿತ್ತು, ಪ್ರತಿಸ್ಪರ್ಧಿ ಸಿಟಿವಿ ಹಕ್ಕು ಕೊಂಡ್ಕೊಳ್ತು. ಸಿಬಿಸಿ ಹೊಸ ಥೀಮ್‌ಗೆ ಸ್ಪರ್ಧೆ ಇಟ್ಟಿತು. ರಚಿಸಿದವರಿಗೆ ದುಡ್ಡು ಸಲ್ಲಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ 40 ವರ್ಷ ಆ ಟ್ಯೂನ್ ಕೇಳಿ ಟಿವಿ ಮುಂದೆ ಓಡಿ ಬಂದ ಮಕ್ಕಳ ಪಾಲು ಯಾವ ಒಪ್ಪಂದದಲ್ಲಿ ಬರೆದಿತ್ತು?

ಹಾಡನ್ನ ಜನರೇ ಆರಿಸಿಕೊಂಡರೆ ಏನಾಗುತ್ತೆ ಅನ್ನೋದಕ್ಕೆ 2019ರ ಸೇಂಟ್ ಲೂಯಿಸ್ ಸಾಕ್ಷಿ. ಜನವರಿ ಶುರುವಿನಲ್ಲಿ ಬ್ಲೂಸ್ ಟೀಮ್ ಇಡೀ ಲೀಗಿನಲ್ಲೇ ಕಡೇ ಸ್ಥಾನದಲ್ಲಿತ್ತು. ಫಿಲಡೆಲ್ಫಿಯಾದ ಬಾರೊಂದರಲ್ಲಿ ಗಿರಾಕಿಗಳು ಲಾರಾ ಬ್ರಾನಿಗನ್ ಹಾಡಿದ ‘ಗ್ಲೋರಿಯಾ’ಗೆ ಕುಣಿಯೋದನ್ನ ಕೆಲ ಆಟಗಾರರು ನೋಡಿದ್ರು, ಅದನ್ನೇ ಗೆಲುವಿನ ಹಾಡು ಮಾಡ್ಕೊಂಡ್ರು. ಹಾಡು 1982ರದ್ದು, ಗಾಯಕಿ 2004ರಲ್ಲೇ ತೀರಿಕೊಂಡಿದ್ದರು. ಜೂನ್‌ನಲ್ಲಿ ಬ್ಲೂಸ್ ಮೊದಲ ಬಾರಿಗೆ ಸ್ಟ್ಯಾನ್ಲಿ ಕಪ್ ಎತ್ತಿದಾಗ ಊರಿಗೆ ಊರೇ ಅದನ್ನ ಹಾಡ್ತಿತ್ತು. ಹಾಡಿನಿಂದ ಕಪ್ ಬಂತು ಅನ್ನೋ ಮೂಢನಂಬಿಕೆ ನನಗಿಲ್ಲ. ಆದರೆ ಯಾವ ಮಾರ್ಕೆಟಿಂಗ್ ಮೀಟಿಂಗಿನಲ್ಲೂ ಆ ಹಾಡು ಹುಟ್ಟಿರಲಿಲ್ಲ. ಸ್ಪೀಕರ್ ಜನರ ಹಿಂದೆ ಬಂತು, ಮುಂದೆ ಅಲ್ಲ.

‘ದುಡ್ಡು ಕೊಟ್ಟು ಬರೋದೇ ಮನರಂಜನೆಗೆ, ಮೌನ ಯಾರಿಗೆ ಬೇಕು’ ಅಂತ ಕೇಳೋರಿದ್ದಾರೆ. ಮೌನ ಬೇಕಿರೋದು ನಮ್ಮ ದನಿ ನಮಗೇ ಕೇಳಿಸೋದಕ್ಕೆ. ಸದ್ದು ತುಂಬಿದ ಜಾಗದಲ್ಲಿ ಯಾರೂ ಹೊಸದಾಗಿ ಹಾಡು ಶುರು ಮಾಡಲ್ಲ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಪ್ರತಿ ಪೀರಿಯಡ್‌ನಲ್ಲಿ ಒಂದೆರಡು ಸಲವಾದ್ರೂ ಸೀಟಿ ಬಿದ್ದಾಗ ಸ್ಪೀಕರ್ ಬಾಯಿ ಮುಚ್ಚಲಿ. ಮೊದಲ ದಿನ ಯಾರೂ ಹಾಡಲ್ಲ, ಮುಜುಗರ ಆಗುತ್ತೆ. ಆಗಲಿ ಬಿಡಿ. ಹತ್ತನೇ ದಿನ ಮೂಲೆಯಲ್ಲಿ ಯಾರೋ ಒಬ್ಬ ಬೇಸುರಾಗಿ ಶುರು ಮಾಡ್ತಾನೆ. ಅವನ ಹಾಡನ್ನ ಯಾವ ಮಾಲೀಕನೂ ಲಾರಿಗೆ ತುಂಬ್ಕೊಂಡು ಹೋಗಕ್ಕಾಗಲ್ಲ.